ರೇವವ್ವನ ಗಿರಣಿ ಜಾಗ

ರೇವವ್ವ ಹಿಟ್ಟಿನ ಗಿರಣಿ ಹಾಕುತ್ತಾಳೆಂಬ ಸುದ್ದಿಗೆ ಹೆಚ್ಚು ಖುಷಿಪಟ್ಟವರು ಊರಿನ ಹೆಂಗಸರು. ಅಲ್ಲಿಯತನಕ ಜೋಳದ ಬುಟ್ಟಿ ಹೊತ್ತು ತಾಳಿಕೋಟೆಗೇ ನಡೆಯಬೇಕಿತ್ತು. ಗಂಡ ಚಂದಪ್ಪ ತೀರಿಕೊಂಡ ಮೇಲೆ ರಸ್ತೆಯಂಚಿನ ತುಂಡು ಭೂಮಿ ಅವಳದೇ ಎಂದು ಎಲ್ಲರಿಗೂ ಗೊತ್ತಿತ್ತು. ಅದೇ ಧೈರ್ಯದ ಮೇಲೆ ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ವಿಜಾಪುರದಿಂದ ಯಂತ್ರ ತರಿಸಿ, ತಗಡಿನ ಷೆಡ್ಡನ್ನೂ ಎಬ್ಬಿಸಿದಳು.

ಕರೆಂಟಿನವರು ಜಾಗದ ಉತಾರ, ಅಂದರೆ ಪಹಣಿ ಕಾಗದ, ಕೇಳಿದರು. ಅದರಲ್ಲಿ ಇನ್ನೂ ಸತ್ತ ಮಾವನ ಹೆಸರೇ ಇತ್ತು. ಮಕ್ಕಳಿಬ್ಬರಿಗೂ ಆತ ಬಾಯಿಮಾತಿನಲ್ಲಿ ಭೂಮಿ ಹಂಚಿದ್ದನೇ ಹೊರತು ಕಾಗದ ಮಾಡಿಸಿರಲಿಲ್ಲ. ಹೆಸರು ಬದಲಾಗಲು ಭಾವ ಸಿದ್ದರಾಯ ಒಪ್ಪಬೇಕಿತ್ತು. ರಸ್ತೆ ಕಡೆಯ ಪಾಲು ತಮ್ಮನಿಗೆ ಹೋಯಿತೆಂದು ಸಿಟ್ಟಾಗಿ ಆತ ಮಾತು ಬಿಟ್ಟವನು. ರೇವವ್ವ ಹೋಗಿ ಕೇಳಿದಳು. ಆತ ಎದ್ದು ಒಳಗೆ ಹೋದ.

ಯಂತ್ರ ತಾಡಪಾಲಿನ ಕೆಳಗೆ ಎರಡು ಮಳೆಗಾಲ ಕಂಡಿತು. ಆಗಾಗ ಹೋಗಿ ಎಣ್ಣೆ ಒರೆಸಿ ಬರುತ್ತಿದ್ದಳು.

ಒಂದು ದಿನ ಸಿದ್ದರಾಯನೇ ಬಂದು ಅಂಗಳದಲ್ಲಿ ನಿಂತ. ಬಾವಿಗೆ ಪಂಪು ಕೂಡಿಸಲು ಸಾಲ ಕೇಳಿ ಸೊಸೈಟಿಗೆ ಹೋಗಿದ್ದನಂತೆ. "ನನಗೂ ಅದ ಉತಾರ ಕೇಳ್ಯಾರ. ನಿನ್ನ ಸಹಿ ಬೇಕಂತ," ಎಂದ.

ತಾಲೂಕು ಕಚೇರಿಗೆಂದು ಇಬ್ಬರೂ ಮುದ್ದೇಬಿಹಾಳದ ಬಸ್ಸು ಹತ್ತಿದರು. ಮೊದಲು ಮೋಜಣಿ ಆಗಲಿ, ಅಳತೆಯಿಲ್ಲದೆ ಪಾಲು ಬರೆಯಲಾಗದು ಎಂದು ಕಾರಕೂನ ತಿಳಿಸಿ ಹೇಳಿದ. ಎರೆಭೂಮಿ ಹಸಿಯಿತ್ತು, ಮೇಲೆ ಬೆಳೆಯೂ ಇತ್ತು. ಸುಗ್ಗಿ ಮುಗಿಯುವತನಕ ಅಳತೆಯ ಸರಪಳಿ ಎಳೆಯುವ ಹಾಗಿರಲಿಲ್ಲ. ಬಸ್ಸಿಗೆ ಕಾಯುತ್ತ ಸಿದ್ದರಾಯ, "ಇಷ್ಟು ವರ್ಷ ನಾ ಒಲ್ಲೆ ಅಂದೆ. ಈಗ ಹೂಂ ಅಂದ್ರ ಯಾರೂ ಕೇಳವಲ್ರು," ಎಂದ. ಸಿಟ್ಟು ಮಾಡಲೂ ರೇವವ್ವನಲ್ಲಿ ತ್ರಾಣವಿರಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು.

ಬೇಸಿಗೆಯಲ್ಲಿ ಮೋಜಣಿದಾರ ಬಂದು ಅಳೆದ. ಷೆಡ್ಡಿನ ಒಂದು ಬದಿ ಸಿದ್ದರಾಯನ ಪಾಲಿನೊಳಗೆ ಬಿತ್ತು. ಕೆಡವಬೇಕೋ ಬೇಡವೋ ಎಂಬಂತೆ ಮೋಜಣಿದಾರ ಸಿದ್ದರಾಯನ ಮುಖ ನೋಡಿದ. ರೇವವ್ವ ಬದುವಿನ ಮೇಲೆ ಕೂತಳು. ಸಿದ್ದರಾಯ ಷೆಡ್ಡಿನ ಹತ್ತಿರ ಹೋಗಿ ತಗಡಿನ ಮೇಲೆ ಕೈಯಿಟ್ಟ.

"ಅಷ್ಟೂ ಆಕಿಗೇ ಸೇರಿಸಿ ಬರ್ಕೋರಿ," ಎಂದ. "ಮತ್ತ ಕಚೇರಿಗೆ ಅಡ್ಡಾಡೂದು ನನ್ನ ಕೈಲೆ ಆಗೂದಿಲ್ಲ."

ಹೆಸರು ಬಿದ್ದು, ಕಂಬ ನೆಟ್ಟು, ತಂತಿ ಬರುವುದರೊಳಗೆ ಇನ್ನೊಂದು ವರ್ಷ ಕಳೆಯಿತು. ಅಷ್ಟರಲ್ಲಿ ಯಂತ್ರ ತಿರುಗಿಸುವ ರಬ್ಬರ್ ಪಟ್ಟಾ ಬಿರುಕು ಬಿಟ್ಟಿತ್ತು, ಹೊಸದು ಹಾಕಿಸಬೇಕಾಯಿತು. ಗಿರಣಿ ತಿರುಗಿದ ದಿನ ಹೆಂಗಸರು ಬುಟ್ಟಿ ಇಟ್ಟು ಸಾಲಾಗಿ ಕೂತರು. ಸಿದ್ದರಾಯನ ಮನೆಯ ಜೋಳವೂ ಬಂದಿತ್ತು. ಈಗಲಾದರೂ ನಗಬಾರದೇನವ್ವ ಎಂದು ಯಾರೋ ಕೇಳಿದರು.

"ನಗ್ತೇನಿ, ಒಂದೀಟು ಕುಂದರ್ತೇನಿ ತಡೀರಿ," ಎಂದು ರೇವವ್ವ ಗೋಡೆಗೆ ಬೆನ್ನು ಕೊಟ್ಟಳು.