ಕರಣಿ ಚೀಲದೊಳಗಿನ ಅರ್ಜಿಗಳು

ಅಕ್ಕ ಕೊಟ್ಟ ಹದಿನಾಲ್ಕು ಅರ್ಜಿಗಳನ್ನು ನಾನು ಕಚೇರಿಗೆ ಕೊಡಲಿಲ್ಲ. ಕೊಟ್ಟೆ ಎಂದು ಹೇಳಿದೆ. ನಾನು ಓದಿದ್ದು ನಾಲ್ಕನೆಯ ಇಯತ್ತೆವರೆಗೆ. ಆದರೆ ಇದು ಓದು ಬಾರದೆ ಆದ ತಪ್ಪಲ್ಲ.

ನಾವೆಲ್ಲ ಅಕ್ಕ ಎಂದು ಕರೆಯುವ ಅವಳು ಮುಂಬೈನ ಆಂಟಾಪ್ ಹಿಲ್‌ನ ನಮ್ಮ ಗಲ್ಲಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಮುಂಬೈ ಪಾಲಿಕೆಯನ್ನು ಎಷ್ಟೋ ವರ್ಷ ಹಿಡಿದಿದ್ದ ಪಕ್ಷದ ಕಾರ್ಯಕರ್ತೆಯೂ ಹೌದು. ನಳದ ನೀರು ನಿಂತರೆ, ಗಟಾರ ತುಂಬಿದರೆ ಜನ ಮೊದಲು ಅವಳ ಬಾಗಿಲು ಬಡಿಯುತ್ತಿದ್ದರು. ಪಾಲಿಕೆ ಚುನಾವಣೆ ಹತ್ತಿರ ಬಂದಾಗ, ನನ್ನೊಂದಿಗೆ ಗಾರೆ ಕೆಲಸ ಮಾಡುವ ಊರಿನವರ ಕೋಣೆಗೆ ಬಂದಳು. ನಮ್ಮೆಲ್ಲರ ಹೆಸರು ಇನ್ನೂ ಊರಿನ ಮತದಾರರ ಪಟ್ಟಿಯಲ್ಲೇ ಇತ್ತು.

“ಇಪ್ಪತ್ತ ವರ್ಸ ಇಲ್ಲೇ ನೀರ ಕುಡದ್ರಿ, ವೋಟ ಮಾತ್ರ ಅಲ್ಲಿ! ವಾರ್ಡಿನ ನಗರಸೇವಕ ನಿಮ್ಮ ಮಾತ ಯಾಕ ಕೇಳ್ತಾನ?” ಎಂದು ಬೈದಳು. ಹೆಸರು ಇಲ್ಲಿಗೆ ತರುವ ಅರ್ಜಿಗಳನ್ನು ಮಗಳಿಂದ ಬರೆಸಿ, ಒಬ್ಬೊಬ್ಬರ ಸಹಿ, ಹೆಬ್ಬೆಟ್ಟು ಹಾಕಿಸಿದಳು. ಹದಿನಾಲ್ಕು ವೋಟು ತರುತ್ತೇನೆ ಎಂದು ಪಕ್ಷದವರಿಗೆ ಮಾತೂ ಕೊಟ್ಟಳು. ಅರ್ಜಿಗಳನ್ನು ಚುನಾವಣಾ ಕಚೇರಿಗೆ ಕೊಡುವ ಕೆಲಸ ನನ್ನದಾಯಿತು.

ಊರಲ್ಲಿ ಪಂಚಾಯಿತಿ ಚುನಾವಣೆ ಬಂದರೆ ನಿಂತವರು ನಮ್ಮನ್ನು ಕರೆದೊಯ್ಯಲು ಮುಂಬೈಗೆ ಗಾಡಿ ಕಳಿಸುತ್ತಾರೆ. ಜನ ಕೂಡಿಸಿ ಗಾಡಿ ತುಂಬುವವನು ನಾನು. ಮುಂದಿನ ಸೀಟು ನನ್ನದು. ಬೇರೆ ದಿನ ನನ್ನತ್ತ ನೋಡದ ಹಿರಿಯರು ಅವತ್ತು ಊರ ಅಗಸಿಬಾಗಿಲಲ್ಲೇ ನಿಂತು “ಬರ್ರೀ ಮೇಸ್ತ್ರಿ, ಚಾ ಕುಡೀರಿ” ಎನ್ನುತ್ತಾರೆ. ಹೆಸರೇ ಅಲ್ಲಿಲ್ಲದಿದ್ದರೆ ಗಾಡಿ ಯಾಕೆ ಬರುತ್ತದೆ? ಕಚೇರಿಯ ಮೆಟ್ಟಿಲವರೆಗೂ ಹೋದವನು ಹಿಂದಿರುಗಿ, ಅರ್ಜಿಗಳನ್ನು ಕರಣಿ, ತೂಗುಗುಂಡು ಇಡುವ ಚೀಲದ ತಳಕ್ಕೆ ತುರುಕಿದೆ.

“ಕೊಟ್ಟೀ ಏನೋ ತಮ್ಮಾ?”

“ಹೂಂ ಅಕ್ಕಾ.”

“ರಸೀದಿ?”

“ಆಮ್ಯಾಲ ಕೊಡ್ತೇವಂದ್ರು.”

ಮತದಾನದ ದಿನ ಗೆಳೆಯರು ತಲೆಗೆ ಎಣ್ಣೆ ಹಚ್ಚಿಕೊಂಡು ಶಾಲೆಯ ಮುಂದೆ ಸಾಲು ನಿಂತರು. ಯಾರ ಹೆಸರೂ ಪಟ್ಟಿಯಲ್ಲಿ ಇರಲಿಲ್ಲ. “ಅಕ್ಕಾ, ಬದುಕೇವೋ ಸತ್ತೇವೋ ಸ್ವಲ್ಪ ಕೇಳಿ ನೋಡು” ಎಂದು ಒಬ್ಬ ನಗಾಡಿದ. ಅಕ್ಕ ನಗಲಿಲ್ಲ.

ಮರುದಿನ ಕಚೇರಿಗೆ ಹೋಗಿ ಅಲ್ಲಿನ ಕ್ಲರ್ಕನ ಮೇಲೆ ಎಗರಿದಳು. “ಗರೀಬ್ ಕಾ ಕಾಗಜ್ ಕಚರೇ ಮೇ ಡಾಲಾ ಕ್ಯಾ?” ಬಡವರ ಕಾಗದ ಕಸಕ್ಕೆ ಎಸೆದೆಯಾ ಎಂದು. ಅವನು ವಯಸ್ಸಾದ ಮನುಷ್ಯ. ಒಂದೇ ಡ್ರಾಯರನ್ನು ಮೂರು ಸಲ ತೆಗೆದು ನೋಡಿದ. ನಾನು ಅಕ್ಕನ ಹಿಂದೆಯೇ ಇದ್ದೆ.

ಎಣಿಕೆಯಲ್ಲಿ ಅಕ್ಕನ ಪಕ್ಷ ವಾರ್ಡನ್ನೂ ಕಳೆದುಕೊಂಡಿತು, ಪಾಲಿಕೆಯನ್ನೂ ಕಳೆದುಕೊಂಡಿತು. ಸೋಲಿನ ಅಂತರ ದೊಡ್ಡದು. ನಮ್ಮ ಹದಿನಾಲ್ಕು ವೋಟಿನಿಂದ ಏನೂ ಬದಲಾಗುತ್ತಿರಲಿಲ್ಲ. ಈ ಲೆಕ್ಕ ಹಿಡಿದುಕೊಂಡೇ ಕೆಲವು ದಿನ ಸಮಾಧಾನಪಟ್ಟೆ. ಆದರೆ ಅಕ್ಕನ ಪಕ್ಷದವರೇ ಗಲ್ಲಿಯಲ್ಲಿ ಅವಳನ್ನು ತಡೆದು, “ಕ್ಯಾ ರೊಟ್ಟಿವಾಲಿ, ತೇರೇ ಲೋಗ್ ಕಹಾಂ ಥೇ?”, ನಿನ್ನ ಜನ ಎಲ್ಲಿದ್ದರು ಎಂದು ಕೇಳಿದರು. ನೀರಿನ ದೂರು ಹೊತ್ತವರು ಅವಳ ಬಾಗಿಲು ದಾಟಿ ಹೊಸ ನಗರಸೇವಕನ ಕಚೇರಿಗೆ ನಡೆದರು. ಪಕ್ಷ ಸೋತಿದ್ದು ನನ್ನಿಂದಲ್ಲ. ಅಕ್ಕನ ಮಾತು ಸುಳ್ಳಾದದ್ದು ನನ್ನಿಂದ.

ಒಂದು ವಾರದ ಮೇಲೆ ಅಕ್ಕ ಇಳಕಲ್ ಸೀರೆ ಉಟ್ಟು ನನ್ನ ಕೋಣೆಗೆ ಬಂದಳು. “ಹೊಸಾ ನಗರಸೇವಕನ ಹತ್ರ ಹೊಂಟೇನಿ. ಪಕ್ಷ ಯಾವದರೆ ಇರಲಿ, ಆ ಕ್ಲರ್ಕನ ನೌಕರಿ ತಗಸೂತನ ಬಿಡಂಗಿಲ್ಲ. ಏಳು, ಕಾಗದ ಕೊಟ್ಟಾಂವ ನೀನಲಾ, ಸಾಕ್ಷಿ ಹೇಳು.”

ನಾನು ಎದ್ದು ಚೀಲ ಸುರುವಿದೆ. ಕರಣಿ ಖಣ್ಣೆಂದು ಬಿತ್ತು, ಅದರ ಮೇಲೆ ಅರ್ಜಿಗಳು ಬಿದ್ದವು. ಅಕ್ಕ ಒಂದನ್ನು ಎತ್ತಿ ಸಿಮೆಂಟಿನ ಪುಡಿ ಕೊಡವಿದಳು. ಮಗಳ ಅಕ್ಷರ ಗುರುತಿಸಿದಳು.

“ಆ ಗಾಡೀ ಸಲುವಾಗಿ ಏನೋ?”

“ಹೌದಕ್ಕಾ. ಆ ಮನಶ್ಯಾಂದು ಏನೂ ತಪ್ಪಿಲ್ಲ, ಅವಂಗೂ ಹೋಗಿ ಹೇಳ್ತೇನಿ. ಸುಳ್ಳ ಹೇಳಿದಾಂವ ನಾನು. ಮಂದ್ಯಾಗ ನಿನ್ನ ಮಾತ ಕೆಡಿಸಿದೆ. ತಪ್ಪಾತು ಅಕ್ಕಾ.”