ಅರ್ಧ ಮುದ್ದೆ

ಸಕ್ಕರೆ ಕಾಯಿಲೆಗೂ ತೂಕಕ್ಕೂ ಸೇರಿಸಿ ಚಿಂತಾಮಣಿಯ ಡಾಕ್ಟರು ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು. ಭಾನುವಾರ ಬೆಳಿಗ್ಗೆ ನಾನೇ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದೆ. ಸೂಜಿ ನೋಯಲಿಲ್ಲ, ಹಸಿವು ಮಾತ್ರ ಸತ್ತುಹೋಯಿತು. ಅರ್ಧ ಮುದ್ದೆಗೇ ಕೈ ತೊಳೆಯತೊಡಗಿದೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುವಿನ ತಟ್ಟೆಯಲ್ಲಿ ಹಿಪ್ಪುನೇರಳೆ ಸೊಪ್ಪು ಉಳಿದರೆ ಅತ್ತೆಗೆ ನಿದ್ದೆ ಬರುವುದಿಲ್ಲ. ಈಗ ನನ್ನ ತಟ್ಟೆಯನ್ನೂ ಹಾಗೆಯೇ ನೋಡುತ್ತಿದ್ದರು.

"ಔಷಧಿ ಮಾಡೋ ಕೆಲಸಾನೇ ಅದು, ಎಷ್ಟು ಸಲ ಹೇಳ್ಲಿ ಅತ್ತೆ?" ಎಂದು ಒಂದು ದಿನ ರೇಗಿದೆ.

ಅವರು ಸಾರಿನ ಸೌಟು ಕೆಳಗಿಟ್ಟರು. "ಸೊಪ್ಪು ಬಿಟ್ಟ ಹುಳ ಗೂಡು ಕಟ್ತದೆ, ಇಲ್ಲಾಂದ್ರೆ ಸಾಯ್ತದೆ. ನಂಗೆ ಗೊತ್ತಿರೋದು ಅಷ್ಟೇ ಕಣಮ್ಮ."

ಆವತ್ತು ಮುದ್ದೆ ಪೂರ್ತಿ ತಿಂದೆ. ಆಮೇಲೆ ಹಿತ್ತಲಲ್ಲಿ ವಾಂತಿ ಮಾಡಿಕೊಂಡದ್ದನ್ನು ಅವರಿಗೆ ಹೇಳಲಿಲ್ಲ.