ತಪ್ಪು ಮೇಷ್ಟ್ರು

ಅಪ್ಪ ಹೋದ ಮೇಲೆ ಮನೆಗೆ ಬರುವವರಿಗೆ ಕೊನೆಯೇ ಇಲ್ಲ. ಬಂದವರೆಲ್ಲ ಅವನ ಶಿಷ್ಯರು, ಹೇಳುವುದೆಲ್ಲ ಒಂದೇ ಕಥೆ: ನಾನೊಮ್ಮೆ ಸರ್ ತಪ್ಪು ಹಿಡಿದಿದ್ದೆ. ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ತಲೆಯಾಡಿಸುತ್ತೇನೆ, ಚಹಾ ಕೊಡುತ್ತೇನೆ, ಲೋಟ ತೊಳೆಯುತ್ತೇನೆ. ಅವರ ಪ್ರೀತಿ ಸುಳ್ಳಲ್ಲ, ಆದರೆ ನನಗೆ ಸಾಕಾಗಿದೆ. ಅವರು ಯಾರೂ ಅರಿಯದ ಒಂದು ತರಗತಿಯ ಕಥೆ ನನ್ನ ಹತ್ತಿರವಿದೆ. ಅದನ್ನು ಹೇಳಿಬಿಟ್ಟರೆ ಹಗುರಾಗಬಹುದೇನೋ.

ಅಪ್ಪ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಪ್ರತಿ ಪಾಠದಲ್ಲೂ ಬೇಕೆಂದೇ ಒಂದು ತಪ್ಪು ಸೇರಿಸುವುದು ಅವನ ಪದ್ಧತಿ. ಗುಂಡು ಭಾರವಾದಷ್ಟೂ ಲೋಲಕ ಬೇಗ ತೂಗುತ್ತದೆ ಎಂದು ಮುಖದ ಒಂದು ಗೆರೆಯೂ ಅಲುಗದಂತೆ ಬರೆದುಬಿಡುವನು. ಹಿಡಿದವರು ಬೋರ್ಡಿಗೆ ಹೋಗಿ ತಿದ್ದಬೇಕು. ಅಷ್ಟು ಹೊತ್ತು ಅಪ್ಪ ಅವರ ಬೆಂಚಿನಲ್ಲಿ ಕೈಕಟ್ಟಿ ಕೂರುವನು. ಯಾರೂ ಹಿಡಿಯದಿದ್ದರೆ ತಪ್ಪನ್ನು ಹಾಗೇ ಉಳಿಸಿ ಹೊರಟುಬಿಡುತ್ತಿದ್ದ, ಮುಂದಿನ ತರಗತಿಯವರು ನೋಡಿ ನಗಲಿ ಎಂದು. "ಮೇಷ್ಟ್ರು ಹೇಳಿದ್ದು ಅಂತ ನಂಬೋದು ಸೋಮಾರಿತನ" ಎನ್ನುತ್ತಿದ್ದ. ಊರಿಗೆಲ್ಲ ಅವನು ತಪ್ಪು ಮೇಷ್ಟ್ರು, ನಾನು ತಪ್ಪು ಮೇಷ್ಟ್ರ ಮಗಳು.

ಮನೆಯಲ್ಲೂ ಇದೇ ಪಾಡು. ಊಟಕ್ಕೆ ಕೂತಾಗ "ಹಗಲು ಹೊತ್ತಲ್ಲಿ ಚಂದ್ರ ಕಾಣೋದೇ ಇಲ್ಲ" ಎಂದು ಒಂದು ಮಾತು ಎಸೆದು ಸುಮ್ಮನಾಗುವನು. ಬೆಳಿಗ್ಗೆ ಶಾಲೆಗೆ ಹೋಗುವಾಗ ತಲೆಯ ಮೇಲೆ ಚಂದ್ರನನ್ನು ಕಂಡು ನಾನು ಅರ್ಧ ದಾರಿಯಿಂದ ಓಡಿ ಬಂದು ಬಾಗಿಲಲ್ಲೇ ನಿಂತು "ತಪ್ಪು" ಎಂದು ಕೂಗಿದ್ದೆ. ತಡವಾಗಿ ಹೋಗಿ ಶಾಲೆಯಲ್ಲಿ ಬೈಸಿಕೊಂಡೆ. ಆಮೇಲೆ ಅಪ್ಪನ ಒಂದು ತಪ್ಪನ್ನೂ ನಾನು ಬಿಟ್ಟವಳಲ್ಲ. ಅದೊಂದು ಜಂಬ ನನಗೆ. ಅಮ್ಮನದು ಬೇರೆ ದಾರಿ. "ಹಾಲು ಉಕ್ಕಿಸಿದ್ದೂ ಪಾಠವೇನ್ರೀ? ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಒಲೆ ಒರೆಸುತ್ತ ಬೈಯುವಳು, ಬೈದು ತಾನೇ ನಗುವಳು.

ನಿವೃತ್ತಿಯಾದರೂ ಕಾಲೇಜು ಅವನನ್ನು ಬಿಡಲಿಲ್ಲ, ವಾರಕ್ಕೆರಡು ತರಗತಿ ಕೊಟ್ಟಿತ್ತು. ಉಳಿದ ದಿನಗಳನ್ನು ಅವನು ಆ ಎರಡಕ್ಕಾಗಿಯೇ ಹೇಗೋ ತಳ್ಳುತ್ತಿದ್ದ.

ಇಂಥ ಮನೆಯೊಳಗೆ ಮರೆವಿನ ಕಾಯಿಲೆ ಕಾಲಿಟ್ಟರೆ ಯಾರಿಗೆ ತಿಳಿಯಬೇಕು? ಅಪ್ಪ ಪಕ್ಕದ ಬೀದಿಯವರ ಗೇಟು ತೆರೆದು ಒಳಗೆ ಹೋದ. ಅಮ್ಮ "ತಪ್ಪು" ಎಂದಳು, ಎಲ್ಲರೂ ನಕ್ಕೆವು. ತಲೆ ನರೆತ ನನ್ನ ಅಣ್ಣನನ್ನು "ನಾಳೆ ಪರೀಕ್ಷೆ ಅಲ್ವೇನೋ, ಓದಿದ್ಯಾ?" ಎಂದು ಕೇಳಿದ, ಮತ್ತೆ ತಪ್ಪು, ಮತ್ತೆ ನಗು. ಅಪ್ಪನೂ ನಮ್ಮ ಜೊತೆ ನಗುತ್ತಿದ್ದ, ನಮ್ಮ ಮುಖ ನೋಡಿಕೊಂಡು, ತುಸು ತಡವಾಗಿ.

ಒಂದು ದಿನ ಪ್ರಿನ್ಸಿಪಾಲರು ದಾರಿಯಲ್ಲಿ ಸಿಕ್ಕಿದರು. ಅವರೂ ಅಪ್ಪನ ಹಳೆಯ ಶಿಷ್ಯರೇ. "ವಯಸ್ಸಾದಷ್ಟೂ ಸರ್‌ಗೆ ಹುರುಪು ಜಾಸ್ತಿ ಕಣಮ್ಮ. ಈಗ ಒಂದು ಕ್ಲಾಸಿಗೆ ಮೂರು ಮೂರು ತಪ್ಪು ಇಡ್ತಾರೆ. ಮಕ್ಕಳು ಕುಣೀತಾರೆ" ಎಂದು ಹೊಗಳಿದರು. ಆದರೆ ಅಪ್ಪ ಎಂದೂ ಒಂದಕ್ಕಿಂತ ಹೆಚ್ಚು ಇಟ್ಟವನಲ್ಲ. ಎರಡಿಟ್ಟರೆ ಅದು ಪಾಠವಲ್ಲ, ಮೋಸ ಎನ್ನುವವನು.

ಇವತ್ತಲ್ಲ ನಾಳೆ ಆ ಮಕ್ಕಳಿಗೂ ತಿಳಿಯುತ್ತದೆ, ಆಮೇಲೆ ಅವರ ನಗು ಬೇರೆ ಥರ ಇರುತ್ತದೆ. ಅದಕ್ಕೆ ಮೊದಲೇ ಅವನನ್ನು ಆ ಕೋಣೆಯಿಂದ ಬಿಡಿಸಿ ತರಬೇಕಿತ್ತು. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? "ಅಪ್ಪ ನಿನ್ನ ಮಾತಾದ್ರೆ ಕೇಳ್ತಾನೆ" ಎಂದು ಅಣ್ಣ ಜಾರಿಕೊಂಡ. ಪಾಠ ಮುಗಿದ ಮೇಲೆ ಹೇಳೋಣ ಎಂದು ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ.

ಅವತ್ತಿನ ಪಾಠ ಭೂತಗನ್ನಡಿಯದು. ಅದು ಬಿಸಿಲನ್ನು ಒಂದೇ ಚುಕ್ಕೆಗೆ ಸೇರಿಸಿ ಕಾಗದ ಸುಡುವುದನ್ನು ನೋಡದ ಮಕ್ಕಳಿಲ್ಲ. ಆಗಲೇ ಒಂದು ತಪ್ಪು ಸಿಕ್ಕಿ, ಒಬ್ಬ ಹುಡುಗಿ ತಿದ್ದಿ ಬಂದು ಕೂತಿದ್ದಳು. ಅಪ್ಪ ಗಾಜಿನ ಚಿತ್ರ ಬರೆದು, ಆಚೆ ಬದಿಗೆ ಕಿರಣಗಳನ್ನು ಚದುರಿಸಿಬಿಟ್ಟ. ಇಡೀ ತರಗತಿ "ತಪ್ಪು ಸರ್" ಎಂದಿತು.

"ಎಲ್ಲಿ?" ಎಂದ ಅಪ್ಪ.

ನಾಟಕವೆಂದುಕೊಂಡು ಮಕ್ಕಳು ನಕ್ಕರು. ಅವನು ಬೋರ್ಡಿನ ಹತ್ತಿರ ಹೋದ, ಹಿಂದೆ ಸರಿದ, ಒಂದೊಂದು ಕಿರಣದ ಮೇಲೂ ಬೆರಳಾಡಿಸಿದ. ಅವನಿಗೆ ಕಾಣಲಿಲ್ಲ. ಅಷ್ಟರಲ್ಲಿ ತಿರುಗಿ ನನ್ನನ್ನು ಕಂಡ. "ಅಲ್ಲಿ ನನ್ನ ಮಗಳು ಕೂತಿದಾಳೆ. ಅವಳು ಯಾವುದನ್ನೂ ಬಿಡೋಳಲ್ಲ. ನೀನು ಹೇಳಮ್ಮ, ತಪ್ಪಿದೆಯಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ನಿಂತೆ. "ಸರಿಯಾಗೇ ಇದೆ ಅಪ್ಪ" ಎಂದೆ.

ಅಪ್ಪ ನನ್ನ ಮುಖ ನೋಡಿದ, ಮತ್ತೆ ಬೋರ್ಡು ನೋಡಿದ. ಆಮೇಲೆ ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಂಡು "ಇವತ್ತಿಗೆ ಸಾಕು" ಎಂದ.

ಮಕ್ಕಳೆಲ್ಲ ಹೋದ ಮೇಲೆ ಹೊರಗಿನ ಮೆಟ್ಟಿಲ ಹತ್ತಿರ ಕೇಳಿದ, "ತಪ್ಪಿತ್ತು ಅಲ್ವಾ?"

"ಇತ್ತು."

"ನೀನು ಬಿಟ್ಟುಕೊಟ್ಟೆ ಅಂದ್ರೆ ನನಗೇನೋ ಆಗಿದೆ. ಮನೇಲೂ ಹೀಗೇನಾ?"

ಗೇಟಿನದು, ಅಣ್ಣನ ಪರೀಕ್ಷೆಯದು, ಏನನ್ನೂ ಮುಚ್ಚಿಡದೆ ಹೇಳಿದೆ. ಬೇರೆ ಯಾರದೋ ಪ್ರಯೋಗದ ಫಲಿತಾಂಶ ಕೇಳುವವನಂತೆ ಗಮನವಿಟ್ಟು ಕೇಳಿದ.

"ನಿಮ್ಮಮ್ಮ ಏನಂತಾಳೆ?"

"ಅಮ್ಮ ಆಟ ಅಂದ್ಕೊಂಡಿದಾಳೆ. ನಗ್ತಾಳೆ."

ಅಪ್ಪ ಮೆಟ್ಟಿಲ ಮೇಲೆ ಕೂತ. ನಾನೂ ಪಕ್ಕದಲ್ಲಿ ಕೂತೆ.

"ಹಾಗಾದ್ರೆ ಅವಳಿಗೆ ಹೇಳ್ಬೇಡ" ಎಂದ. "ನಾನು ಬೇಕು ಅಂತ್ಲೇ ಮಾಡ್ತಿದೀನಿ ಅಂದ್ಕೊಂಡಿರ್ಲಿ, ಆದಷ್ಟು ದಿನ."